ಸಂಖ್ಯಾಶಾಸ್ತ್ರದ ಪದಗಳನ್ನು ಅರ್ಥ ತಿಳಿದು ಕಲಿಯುವ ಬಗೆ

ಸಂಖ್ಯಾಶಾಸ್ತ್ರದ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡುವ ಮೊದಲು ನಾಲ್ಕೈದು ಸಂಖ್ಯೆಗಳನ್ನು ಕಾಗದದ ಮೇಲೆ ಬರೆದುಕೊಂಡು, ಪ್ರತಿಯೊಂದು ಪದವನ್ನೂ ಅವುಗಳಿಗೆ ಹಚ್ಚಿ ನೋಡಬೇಕು. 4, 5, 5, 6, 30 ಎಂಬ ದತ್ತಾಂಶವನ್ನೇ ತೆಗೆದುಕೊಳ್ಳಿ. ಮೊತ್ತವಾದ 50ನ್ನು 5ರಿಂದ ಭಾಗಿಸಿದರೆ ಬರುವ 10 ಸರಾಸರಿ. ಏರಿಕೆ ಕ್ರಮದಲ್ಲಿ ಬರೆದಾಗ ನಟ್ಟನಡುವೆ ನಿಲ್ಲುವ 5 ಮಧ್ಯಾಂಕ. ಅತಿ ಹೆಚ್ಚು ಸಲ ಬಂದಿರುವ ಸಂಖ್ಯೆ ಬಹುಲಕ, ಇಲ್ಲಿ ಅದೂ 5. ಬಹುಲಕವನ್ನು ರೂಢಿಬೆಲೆ ಎಂದೂ ಕರೆಯುವುದುಂಟು.

ಈಗ 30ನ್ನು ಹೊಡೆದುಹಾಕಿ 10 ಎಂದು ಬರೆಯಿರಿ. ಸರಾಸರಿ 6ಕ್ಕೆ ಇಳಿಯುತ್ತದೆ, ಮಧ್ಯಾಂಕವಾದರೋ ಕದಲುವುದೇ ಇಲ್ಲ. ಉಳಿದವುಗಳಿಂದ ಬಹಳ ದೂರವಿರುವ ಒಂದೇ ಒಂದು ಸಂಖ್ಯೆ ಸರಾಸರಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ ಎಂಬುದನ್ನು ಹೀಗೆ ಒಮ್ಮೆ ಕಣ್ಣಾರೆ ಕಂಡವರು ಈ ಎರಡು ಪದಗಳನ್ನು ಅದಲುಬದಲು ಮಾಡುವುದು ಅಪರೂಪ.

ಗರಿಷ್ಠ ಬೆಲೆಯಿಂದ ಕನಿಷ್ಠ ಬೆಲೆಯನ್ನು ಕಳೆದರೆ ವ್ಯಾಪ್ತಿ. ಸಂಖ್ಯೆಗಳು ಸರಾಸರಿಯಿಂದ ಎಷ್ಟು ದೂರ ಚದುರಿವೆ ಎಂದು ತಿಳಿಸುವ ಮಾನಕ ವಿಚಲನೆಗೆ ಮಾತ್ರ ತಾಳ್ಮೆ ಬೇಕು. ಮೊದಲಿನ ದತ್ತಾಂಶದಲ್ಲಿ ಸರಾಸರಿಯಿಂದ ವಿಚಲನೆಗಳು −6, −5, −5, −4, 20, ಕೂಡಿದರೆ ಸೊನ್ನೆ. ಯಾವ ದತ್ತಾಂಶದಲ್ಲಾದರೂ ಹೀಗೆಯೇ ಆಗುವುದರಿಂದ ಅವುಗಳನ್ನು ವರ್ಗ ಮಾಡಿ, ವರ್ಗಗಳ ಸರಾಸರಿ ತೆಗೆದು, ಅದರ ವರ್ಗಮೂಲವನ್ನು ಕಂಡುಹಿಡಿಯುತ್ತೇವೆ. ಇಲ್ಲಿ ವರ್ಗಗಳ ಮೊತ್ತ 502, ಸರಾಸರಿ 100.4, ಮಾನಕ ವಿಚಲನೆ ಸುಮಾರು 10.

ಸಂಭವನೀಯತೆಗೆ ಒಂದು ದಾಳ ಸಾಕು. ಅದನ್ನು ಉರುಳಿಸುವುದು ಯಾದೃಚ್ಛಿಕ ಪ್ರಯೋಗ, ಅಂದರೆ ಯಾವ ಫಲಿತ ಬರುತ್ತದೆಂದು ಮೊದಲೇ ಹೇಳಲಾಗದ ಪ್ರಯೋಗ. ಬರಬಹುದಾದ 1ರಿಂದ 6ರವರೆಗಿನ ಎಲ್ಲ ಫಲಿತಗಳೂ ಸೇರಿ ಫಲಿತಗಣ. ಅದರಿಂದ ನಾವು ಆಯ್ದುಕೊಂಡ ಭಾಗ, ಉದಾಹರಣೆಗೆ ಸಮಸಂಖ್ಯೆ ಬರುವುದು, ಘಟನೆ. ಆರೂ ಮುಖಗಳಿಗೆ ಸಮಾನ ಅವಕಾಶವಿದ್ದರೆ ಈ ಘಟನೆಯ ಸಂಭವನೀಯತೆ 3/6, ಅಂದರೆ 1/2.

ಅತಿ ಹೆಚ್ಚು ಗೊಂದಲ ಹುಟ್ಟಿಸುವ ಜೋಡಿ ‘ಪರಸ್ಪರ ವರ್ಜಕ’ ಮತ್ತು ‘ಸ್ವತಂತ್ರ’. ಒಟ್ಟಿಗೆ ನಡೆಯಲಾರದ ಘಟನೆಗಳು ಪರಸ್ಪರ ವರ್ಜಕ. ಒಂದು ನಡೆದರೂ ಇನ್ನೊಂದರ ಸಂಭವನೀಯತೆ ಬದಲಾಗದಿದ್ದರೆ ಅವು ಸ್ವತಂತ್ರ. ಎರಡು ದಾಳಗಳಲ್ಲಿ ಒಂದರಲ್ಲಿ 6 ಬಿದ್ದ ಮಾತ್ರಕ್ಕೆ ಇನ್ನೊಂದರಲ್ಲಿ 6 ಬೀಳುವ ಸಂಭವನೀಯತೆ ಬದಲಾಗದು, ಆದ್ದರಿಂದ ಎರಡರಲ್ಲೂ 6 ಬೀಳುವ ಸಂಭವನೀಯತೆ 1/6 × 1/6 = 1/36. ಒಂದೇ ದಾಳದ ಒಂದೇ ಉರುಳಿಕೆಯಲ್ಲಿ 2 ಬಿತ್ತೆಂದರೆ, 5 ಬೀಳುವ ಸಂಭವನೀಯತೆ 1/6ರಿಂದ ಸೊನ್ನೆಗೆ ಇಳಿಯುತ್ತದೆ. ಆದ್ದರಿಂದ ಈ ಎರಡು ಘಟನೆಗಳು ಪರಸ್ಪರ ವರ್ಜಕವಾಗಿರುವ ಕಾರಣಕ್ಕೇ ಸ್ವತಂತ್ರವಾಗಿರಲಾರವು.