ಮೋಟರ್‌ಹೋಮ್ ಪಟ್ಟಿಯ ಸ್ಕ್ರೂ ಸಡಿಲವೇ? ಬಿಗಿ ಮಾಡುವ ಮೊದಲು ಬಿಚ್ಚಿ ನೋಡಿ

ಅರಿಜೋನಾದಲ್ಲಿ ನಾವು ಕೊಂಡ ಮೋಟರ್‌ಹೋಮ್ ಹಳೆಯದು. ಮುಂದೆ ವ್ಯಾನಿನ ಮುಖ, ಡ್ರೈವರ್ ತಲೆಯ ಮೇಲೊಂದು ಹಾಸಿಗೆ, ಹಿಂದೆ ಪುಟ್ಟ ಅಡುಗೆಮನೆ. ಒಂದು ದಿನ ತೊಳೆಯುವಾಗ ಮೂಲೆಯ ಅಲ್ಯೂಮಿನಿಯಂ ಪಟ್ಟಿ ಕೈಗೆ ಅಲುಗಾಡಿತು. ಸ್ಕ್ರೂಡ್ರೈವರ್ ತಂದು ತಿರುಗಿಸಿದೆ. ಸ್ಕ್ರೂ ಸುಮ್ನೆ ತಿರುಗುತ್ತಲೇ ಇತ್ತು, ಬಿಗಿಯಾಗಲಿಲ್ಲ.

ಇಂಥ ಗಾಡಿಗಳ ಗೋಡೆಯೊಳಗೆ ಹೆಚ್ಚಾಗಿ ಪೈನ್ ಮರದ ರೀಪುಗಳಿರುತ್ತವೆ. ಮೇಲೆ ತೆಳು ತಗಡು. ಎರಡು ತಗಡು ಸೇರುವ ಮೂಲೆಯನ್ನು ಈ ಪಟ್ಟಿ ಮುಚ್ಚುತ್ತದೆ. ಪಟ್ಟಿಯ ನಡುವಿನ ಉದ್ದನೆಯ ತೋಡಿನಲ್ಲಿ ಸ್ಕ್ರೂ, ಅದನ್ನು ಮುಚ್ಚಲು ಮೇಲೆ ವಿನೈಲ್ (ಪ್ಲಾಸ್ಟಿಕ್) ಎಳೆ. ಬಿಸಿಲಿಗೆ ವಿನೈಲ್ ಕುಗ್ಗಿ ತುದಿಯಲ್ಲಿ ಸಂದು ಬಿಡುತ್ತದೆ. ಇಲ್ಲಿಯ ಮಳೆಗಾಲಕ್ಕೂ ಮಾನ್ಸೂನ್ ಅಂತಲೇ ಹೆಸರು, ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ. ಬಂದರೆ ಒಮ್ಮೆಗೇ ಸುರಿಯುತ್ತದೆ. ಆ ನೀರು ಸಂದಿನಲ್ಲಿ ಇಳಿದು, ಸ್ಕ್ರೂ ತುಕ್ಕು ಹಿಡಿದು, ಮರ ಕೊಳೆಯುತ್ತದೆ.

ಮೊದಲು ವಿನೈಲ್ ಎಳೆಯನ್ನು ಕಿತ್ತುಹಾಕಿ. ಹಳೆಯದನ್ನು ಮತ್ತೆ ಬಳಸುವ ಆಸೆ ಬೇಡ. ಸಡಿಲ ಸ್ಕ್ರೂ ಹೊರತೆಗೆದು ತುದಿ ನೋಡಿ. ಒಣಗಿ ಹೊಳೆಯುತ್ತಿದ್ದರೆ ಹಿಡಿತ ಮಾತ್ರ ಹೋಗಿದೆ. ತುಕ್ಕಿನ ಜೊತೆ ಕಪ್ಪಗಿನ ಒದ್ದೆ ಮರದ ಪುಡಿ ಅಂಟಿದ್ದರೆ ನೀರು ಒಳಗೆ ಸೇರಿದೆ. ಆಗ ತೂತಿಗೆ ದಬ್ಬಣ ಚುಚ್ಚಿ. ಗಟ್ಟಿಯಾಗಿ ತಡೆದರೆ ಸಮಾಧಾನ. ನೆನೆದ ರಸ್ಕಿಗೆ ಚುಚ್ಚಿದ ಹಾಗೆ ಸರಾಗವಾಗಿ ಇಳಿದರೆ ಯಾವ ಸ್ಕ್ರೂ ಹಾಕಿದರೂ ನಿಲ್ಲದು. ತಗಡು ಬಿಚ್ಚಿ ರೀಪು ಬದಲಿಸಬೇಕು. ಸ್ವಲ್ಪ ಮಾತ್ರ ಮೆತ್ತಗಿದ್ದರೆ ಪೂರ್ತಿ ಒಣಗಿಸಿ, ಮರಕ್ಕೆ ಬಳಸುವ ಎಪಾಕ್ಸಿ ತುಂಬಬಹುದು.

ಮರ ಗಟ್ಟಿಯಿದ್ದರೆ ಉಪಾಯ ನಮ್ಮೂರಿನದೇ. ಬಾಗಿಲಿನ ಹಿಂಜಿನ ಸ್ಕ್ರೂ ಸಡಿಲವಾದಾಗ ಬಡಗಿ ಬೆಂಕಿಕಡ್ಡಿ ತುರುಕುತ್ತಿದ್ದ, ನೆನಪಿದೆ ಅಲ್ವಾ? ಅದೇ ಕೆಲಸ. ಟೂತ್‌ಪಿಕ್‌ಗಳನ್ನು ನೀರು ತಡೆಯುವ ಮರದ ಅಂಟಿನಲ್ಲಿ ಅದ್ದಿ, ತೂತು ತುಂಬುವಷ್ಟು ತುರುಕಿ, ಮಟ್ಟಕ್ಕೆ ಮುರಿದು, ಒಂದು ರಾತ್ರಿ ಬಿಡಿ. ಚೌಕಟ್ಟು ಅಲ್ಯೂಮಿನಿಯಂ ಕೊಳವೆಯದಾಗಿದ್ದರೆ ಇದು ನಡೆಯದು. ಇದ್ದದ್ದಕ್ಕಿಂತ ಒಂದು ನಂಬರ್ ಹೆಚ್ಚು ದಪ್ಪದ ಸ್ಕ್ರೂ ಅಥವಾ ರಿವೆಟ್ ನಟ್ (ತೂತಿನೊಳಗೆ ರಿವೆಟ್‌ನಂತೆ ಕಚ್ಚಿ ಕೂರುವ ನಟ್) ಬೇಕು.

ಮರಕ್ಕೆ ಮಾತ್ರ ದಪ್ಪ ಸ್ಕ್ರೂ ಬೇಡ. ತಲೆ ದೊಡ್ಡದಾದರೆ ವಿನೈಲ್ ಕೂರುವುದಿಲ್ಲ. ಉದ್ದ ಹೆಚ್ಚಿಸಿ: ನಮ್ಮದರಲ್ಲಿದ್ದದ್ದು 8ನೇ ನಂಬರ್, 1 ಇಂಚು, ನಾನು ಹಾಕಿದ್ದು ಒಂದೂವರೆ ಇಂಚಿನ ಸ್ಟೇನ್‌ಲೆಸ್. ಹಿಂದೆ ವೈರ್, ಗ್ಯಾಸ್ ಪೈಪ್ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಉದ್ದದ್ದು ಹಾಕಿ. ಸ್ಟೇನ್‌ಲೆಸ್ ಬಲವಂತ ಮಾಡಿದರೆ ತಲೆ ಮುರಿಯುತ್ತದೆ. ಸಣ್ಣ ತೂತು ಕೊರೆದು, ಸ್ಕ್ರೂವಿನ ಸುರುಳಿಗೆ ಸೋಪು ಸವರಿ.

ಸಾಲಾಗಿ ಎರಡು ಮೂರು ಸ್ಕ್ರೂ ಸಡಿಲವಿದ್ದರೆ ಅಷ್ಟು ದೂರ ಪಟ್ಟಿಯನ್ನೇ ಎಬ್ಬಿಸಿ. ಒಣಗಿದ ಹಳೇ ಪುಟ್ಟಿಯನ್ನು ಪ್ಲಾಸ್ಟಿಕ್ ಕರಣೆಯಿಂದ ಕೆರೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಹೊಸ ಬ್ಯುಟೈಲ್ ಟೇಪ್ (ಸಂದು ಮುಚ್ಚುವ ಮೆತ್ತನೆಯ ರಬ್ಬರ್ ಅಂಟುಪಟ್ಟಿ) ಹಾಕಿ. ಹಲಸಿನ ಮೇಣದ ಹಾಗೆ ಕೈಗೆ ಅಂಟುತ್ತದೆ. ಹಾಗಂತ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಬೇಡಿ! ಎಣ್ಣೆ ತಾಗಿದ ಕಡೆ ಟೇಪ್ ಹಿಡಿಯುವುದಿಲ್ಲ. ಸಿಲಿಕೋನ್ ಕೂಡ ಬೇಡ. ಮುಂದೆ ರಿಪೇರಿ ಮಾಡುವಾಗ ಅದರ ಮೇಲೆ ಬೇರೇನೂ ಅಂಟುವುದಿಲ್ಲ, ಕೆರೆದು ತೆಗೆಯುವುದೇ ದೊಡ್ಡ ಗೋಳು.

ಡ್ರಿಲ್ ಪಕ್ಕಕ್ಕಿಡಿ, ಕೈಯಲ್ಲೇ ಬಿಗಿ ಮಾಡಿ. ಅಂಚಿನಲ್ಲಿ ಟೇಪ್ ಸ್ವಲ್ಪ ಹೊರಬಂದರೆ ಸಾಕು. ಜಾಸ್ತಿ ಬಿಗಿದರೆ ಸ್ಕ್ರೂ ಇದ್ದಲ್ಲಿ ಪಟ್ಟಿ ಒಳಗೆ ತಗ್ಗುತ್ತದೆ. ಒಂದು ದಿನ ಬಿಸಿಲು ಕಂಡ ಮೇಲೆ ಇನ್ನೊಂದು ಕಾಲು ಸುತ್ತು ತಿರುಗಿಸಿ, ಹೊರಬಂದದ್ದನ್ನು ಕತ್ತರಿಸಿ.

ಹೊಸ ವಿನೈಲನ್ನು ಬಿಸಿಲಲ್ಲಿ ಮೆತ್ತಗಾಗಿಸಿ ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ. ಎಳೆದು ಕೂರಿಸಿದರೆ ಮತ್ತೆ ಕುಗ್ಗುತ್ತದೆ. ಕೆಳಗೆ ಒಂದಿಂಚು ಹೆಚ್ಚು ಬಿಟ್ಟು, ನಾಲ್ಕು ದಿನದ ನಂತರ ಕತ್ತರಿಸಿ. ಮೇಲಿನ ತುದಿಗೆ ಒಂದು ತೊಟ್ಟು ಸೀಲಂಟ್.

ಮುಂದಿನ ಮಳೆಯಾದ ಬೆಳಿಗ್ಗೆ ಆ ಮೂಲೆಯ ಹಾಸಿಗೆ ಎತ್ತಿ ಪ್ಲೈವುಡ್ ಮುಟ್ಟಿ ನೋಡಿ. ಇನ್ನೂ ತೇವವಿದ್ದರೆ ಏಣಿ ಹಾಕಿ. ನೀರು ಚಾವಣಿಯ ಜೋಡಣೆಯಿಂದ ಬರುತ್ತಿರಬಹುದು.