ಹೊಟ್ಟೆಯ ಬ್ಯಾಕ್ಟೀರಿಯಾ ಮತ್ತು ನನ್ನ ಕೊಲೆಸ್ಟ್ರಾಲ್ ಗುಳಿಗೆ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಔಷಧಿ ಅಂಗಡಿ. ಗ್ಯಾಸಿನ ಗುಳಿಗೆ ಕೇಳಿಕೊಂಡು ದಿನಾ ಎಷ್ಟೋ ಜನ ಬರುತ್ತಾರೆ. ನಾನೂ ಅದನ್ನೇ ನುಂಗುತ್ತಿದ್ದೆ. ಬೆಳಿಗ್ಗೆ ಎದ್ದ ಕೂಡಲೇ ಒಂದು ಪ್ಯಾಂಟೊಪ್ರಜೋಲ್, ರಾತ್ರಿ ಕೊಲೆಸ್ಟ್ರಾಲಿಗೆ ಒಂದು ಅಟೋರ್ವಾಸ್ಟಾಟಿನ್. ಎರಡು ವರ್ಷ ಹೀಗೇ ನಡೆಯಿತು. ಬೆಳಗಿನ ಗುಳಿಗೆ ತಪ್ಪಿದ ದಿನ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದರೂ ಎದೆಯುರಿ.

ಕೊನೆಗೆ ಡಾಕ್ಟರು ಹೆಲಿಕೋಬ್ಯಾಕ್ಟರ್ ಪೈಲೋರಿ ಪರೀಕ್ಷೆ ಮಾಡಿಸಿ ಅಂದರು. ಹೊಟ್ಟೆಯ ಒಳಪದರದಲ್ಲಿ ಮನೆ ಮಾಡಿಕೊಂಡು ಕೂರುವ ಬ್ಯಾಕ್ಟೀರಿಯಾ ಇದು. ಹೊಟ್ಟೆಯ ಹುಣ್ಣಿಗೆ ಖಾರ, ಚಿಂತೆಯೇ ಕಾರಣ ಎಂದು ನಂಬಿದ್ದ ಕಾಲದಲ್ಲಿ, 1984ರಲ್ಲಿ, ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ ಈ ಬ್ಯಾಕ್ಟೀರಿಯಾವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ಅವರ ಹೊಟ್ಟೆಯಲ್ಲಿ ಉರಿಯೂತ ಎದ್ದಿತು. ಹುಣ್ಣಿಗೆ ಈ ಬ್ಯಾಕ್ಟೀರಿಯಾ ಕಾರಣ ಎಂದು ತೋರಿಸಿದ್ದಕ್ಕೆ 2005ರಲ್ಲಿ ಅವರಿಗೂ ಅವರ ಜೊತೆಗಾರ ರಾಬಿನ್ ವಾರೆನ್ ಅವರಿಗೂ ನೊಬೆಲ್ ಬಂತು.

ನನ್ನ ಮೊದಲ ಮಲ ಪರೀಕ್ಷೆ ನೆಗೆಟಿವ್. ತಪ್ಪು ನನ್ನದೇ. ಪ್ಯಾಂಟೊಪ್ರಜೋಲ್ ನಿಲ್ಲಿಸದೆ ಸ್ಯಾಂಪಲ್ ಕೊಟ್ಟಿದ್ದೆ. ಆ ಗುಳಿಗೆ ಬ್ಯಾಕ್ಟೀರಿಯಾವನ್ನು ತಗ್ಗಿಸಿ ಇಡುತ್ತದೆ, ಪೂರ್ತಿ ಕೊಲ್ಲುವುದಿಲ್ಲ. ಅದಕ್ಕೇ ಅದನ್ನು ಎರಡು ವಾರ ಮೊದಲೇ ಬಿಡಬೇಕು. ಆಂಟಿಬಯೋಟಿಕ್ ತೆಗೆದುಕೊಂಡಿದ್ದರೆ ನಾಲ್ಕು ವಾರ ಕಾಯಬೇಕು. ಗುಳಿಗೆ ಬಿಟ್ಟ ಆ ಎರಡು ವಾರ ನಿಜಕ್ಕೂ ಕಷ್ಟವಾಯಿತು. ರಾತ್ರಿ ಎರಡು ದಿಂಬು ಇಟ್ಟುಕೊಂಡು ಮಲಗಿದೆ. ಮತ್ತೆ ಪರೀಕ್ಷೆ ಮಾಡಿಸಿದಾಗ ಪಾಸಿಟಿವ್.

14 ದಿನದ ಔಷಧಿ ಬರೆದರು. ಅಂಗಡಿಗೆ ಬಂದು ಚೀಟಿ ಬಿಡಿಸಿದರೆ ಅಮಾಕ್ಸಿಸಿಲಿನ್ ಜೊತೆ ಕ್ಲಾರಿಥ್ರೋಮೈಸಿನ್ ಇತ್ತು, ಎರಡೂ ಆಂಟಿಬಯೋಟಿಕ್. ನನಗೆ ಎದೆ ಧಸಕ್ಕೆಂದಿತು. ಅಟೋರ್ವಾಸ್ಟಾಟಿನನ್ನು ಒಡೆದು ಹೊರಹಾಕುವ ಲಿವರಿನ ಕಿಣ್ವವನ್ನೇ ಕ್ಲಾರಿಥ್ರೋಮೈಸಿನ್ ತಡೆಯುತ್ತದೆ. ಆಗ ರಕ್ತದಲ್ಲಿ ಸ್ಟಾಟಿನ್, ಅಂದರೆ ಆ ಕೊಲೆಸ್ಟ್ರಾಲ್ ಗುಳಿಗೆಯ ಔಷಧಿ, ಜಾಸ್ತಿಯಾಗಿ ಸ್ನಾಯುಗಳಿಗೆ ಪೆಟ್ಟು ಬೀಳಬಹುದು, ಅಪರೂಪಕ್ಕೆ ಕಿಡ್ನಿಗೂ. ಕೊಲೆಸ್ಟ್ರಾಲ್ ಗುಳಿಗೆಯ ವಿಷಯ ನಾನು ಡಾಕ್ಟರಿಗೆ ಹೇಳಿಯೇ ಇರಲಿಲ್ಲ! ಕೂಡಲೇ ಫೋನ್ ಮಾಡಿದೆ. ಆ 14 ದಿನ ಸ್ಟಾಟಿನ್ ಬೇಡ, ಮುಗಿದ ಮೇಲೆ ಶುರು ಮಾಡಿ ಅಂದರು. ಇದನ್ನು ಯಾರೂ ತಾವೇ ತೀರ್ಮಾನ ಮಾಡಬೇಡಿ, ಹೃದಯದ ತೊಂದರೆ ಇದ್ದವರಂತೂ ಬೇಡವೇ ಬೇಡ.

ಹೊಟ್ಟೆಯ ಬ್ಯಾಕ್ಟೀರಿಯಾಕ್ಕೂ ಕೊಲೆಸ್ಟ್ರಾಲಿಗೂ ಏನು ಸಂಬಂಧ ಅಂತ ಆಗ ಓದತೊಡಗಿದೆ. ಈ ಸೋಂಕು ಇರುವವರಲ್ಲಿ ಒಳ್ಳೆಯ ಕೊಲೆಸ್ಟ್ರಾಲ್, ಅಂದರೆ ಎಚ್‌ಡಿಎಲ್, ಕಡಿಮೆ ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಕೆಲವದರಲ್ಲಿ ಕೆಟ್ಟದ್ದು, ಎಲ್‌ಡಿಎಲ್, ತುಸು ಜಾಸ್ತಿ. ವರ್ಷಗಟ್ಟಲೆ ಒಳಗೊಳಗೇ ಇರುವ ಉರಿಯೂತ ದೇಹ ಕೊಬ್ಬನ್ನು ಬಳಸುವ ರೀತಿಯನ್ನು ಕೆಡಿಸುತ್ತದೆ ಎಂಬುದು ಒಂದು ವಿವರಣೆ. ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ.

ಔಷಧಿ ಮುಗಿದು ಆರು ವಾರಕ್ಕೆ ಮತ್ತೆ ಮಲ ಪರೀಕ್ಷೆ ಮಾಡಿಸಿದೆ. ಬ್ಯಾಕ್ಟೀರಿಯಾ ಹೋಗಿತ್ತು. ಮೂರು ತಿಂಗಳಿಗೆ ರಕ್ತ ಪರೀಕ್ಷೆ: ಎಚ್‌ಡಿಎಲ್ 36 ಇದ್ದದ್ದು 41, ಎಲ್‌ಡಿಎಲ್ ಹೆಚ್ಚುಕಡಿಮೆ ಇದ್ದಲ್ಲೇ. ಊಟ ಸೇರತೊಡಗಿ ತೂಕ ಎರಡು ಕಿಲೋ ಏರಿತ್ತು. ಸಂಜೆಯ ಮಿರ್ಚಿ ಭಜಿ ಬಿಟ್ಟು ವಾಕಿಂಗ್ ಶುರು ಮಾಡಿದ್ದೂ ಆಗಲೇ. ಹಾಗಾಗಿ ಆ ಐದು ಅಂಕಿ ಯಾವುದರಿಂದ ಬಂತು ಅಂತ ನಾನು ಹೇಳಲಾರೆ. ಸ್ಟಾಟಿನ್ ಈಗಲೂ ನಡೆದಿದೆ.

ಕ್ಲಾರಿಥ್ರೋಮೈಸಿನ್ ಇರುವ ಚೀಟಿ ಬಂದರೆ ಈಗ ಮೊದಲು ಒಂದು ಮಾತು ಕೇಳುತ್ತೇನೆ: "ಕೊಲೆಸ್ಟ್ರಾಲ್ ಗುಳಿಗೆ ತಗೋತೀರಾ?" ಹೋದ ವಾರ ಒಬ್ಬ ಅಜ್ಜ ಹೌದು ಅಂದರು. ಅಲ್ಲೇ ಕೂರಿಸಿ ಅವರ ಡಾಕ್ಟರಿಗೆ ಫೋನ್ ಹಚ್ಚಿಕೊಟ್ಟೆ.