ಶಿವಮೊಗ್ಗದ ಮಳೆಗಾಲದಲ್ಲಿ ಎಂಆರ್‌ಎನ್‌ಎ: ನನ್ನ ಅನುಭವ

ಮಲೆನಾಡಿನ ಮಳೆಗಾಲದಲ್ಲಿ ಅಡಿಕೆಯೇ ಬೂಷ್ಟು ಹಿಡಿಯುತ್ತದೆ, ಇನ್ನು ಸುಲಭವಾಗಿ ಹಾಳಾಗುವ ಆರ್‌ಎನ್‌ಎ ಉಳಿಯುತ್ತದೆಯೇ ಎಂದು ಬೆಂಗಳೂರಿನ ಹಿರಿಯ ಸಹೋದ್ಯೋಗಿಯೊಬ್ಬರು ನಕ್ಕಿದ್ದರು. ಎರಡು ಮಳೆಗಾಲಗಳನ್ನೂ ಸುಮಾರು ನಾಲ್ಕು ಲಕ್ಷ ರೂಪಾಯಿಗಳನ್ನೂ ಕರಗಿಸಿದ ಮೇಲೆ, ಶಿವಮೊಗ್ಗದ ನಮ್ಮ ಎರಡು ಕೋಣೆಗಳ ಪ್ರಯೋಗಾಲಯದಲ್ಲಿ ಈಗ ವಾರಕ್ಕೊಮ್ಮೆ ತಪ್ಪದೆ ಇಡಿಯಾದ ಎಂಆರ್‌ಎನ್‌ಎ (ಯಾವ ಪ್ರೋಟೀನು ತಯಾರಿಸಬೇಕೆಂದು ಕೋಶಕ್ಕೆ ಹೇಳುವ ಆರ್‌ಎನ್‌ಎ) ಕೈಗೆ ಬರುತ್ತಿದೆ. ಆ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇನೆ.

ನಾನು ಆರಿಸಿಕೊಂಡದ್ದು ಮಂಗನ ಕಾಯಿಲೆಯ ವೈರಸ್ಸಿನ ಹೊರಕವಚದ ಜೀನ್. 1957ರಲ್ಲಿ ನಮ್ಮದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗಕ್ಕೆ ಬಹುಕಾಲ ಕೊಡುತ್ತಿದ್ದ ಲಸಿಕೆಯನ್ನು, ಜೀವಂತ ವೈರಸ್ಸನ್ನು ಕೋಳಿಭ್ರೂಣದ ಕೋಶಗಳಲ್ಲಿ ಬೆಳೆಸಿ ಫಾರ್ಮಾಲಿನ್‌ನಿಂದ ಕೊಂದು ತಯಾರಿಸುತ್ತಿದ್ದರು. ಆ ವೈರಸ್ಸನ್ನು ಮುಟ್ಟಲು ಬೇಕಾದ ಕಟ್ಟಡವಾಗಲಿ ಪರವಾನಗಿಯಾಗಲಿ ನಮ್ಮಲ್ಲಿಲ್ಲ. ಎಂಆರ್‌ಎನ್‌ಎ ದಾರಿಯಲ್ಲಿ ವೈರಸ್ಸೇ ಬೇಕಿಲ್ಲ. ಆ ಜೀನನ್ನು ಕೃತಕವಾಗಿ ಬರೆಸಿ ತರಿಸಿಕೊಂಡರೆ, ನಿನ್ನೆ ಹಸಿರಾಗಿ ಹೊಳೆಯುವ ಜಿಎಫ್‌ಪಿ ಪ್ರೋಟೀನಿನ ಎಂಆರ್‌ಎನ್‌ಎ ತಯಾರಾದಂಥ ಟ್ಯೂಬಿನಲ್ಲಿ, ಅದೇ ಬಫರ್ ದ್ರಾವಣದಲ್ಲಿ ಇಂದು ಇದು ತಯಾರಾಗುತ್ತದೆ. ಕೊರೊನಾದ ಅನುಕ್ರಮ 2020ರ ಜನವರಿಯಲ್ಲಿ ಹೊರಬಿದ್ದು, ಮಾರ್ಚ್ 16ರಂದೇ ಮಾಡರ್ನಾ ಲಸಿಕೆಯ ಮಾನವ ಪರೀಕ್ಷೆ ಆರಂಭವಾಗಲು ಸಾಧ್ಯವಾದದ್ದು ಈ ಅನುಕೂಲದಿಂದಲೇ.

ಆದರೆ ಮೊದಲ ಆರು ತಿಂಗಳು ಆರ್‌ಎನ್‌ಎ ಇಡಿಯಾಗಿದೆಯೇ ಎಂದು ಓಡಿಸಿ ನೋಡುವ ಜೆಲ್ಲಿನ ಮೇಲೆ ಪಟ್ಟಿ ಕಾಣಲೇ ಇಲ್ಲ. ಕಂಡದ್ದು ಮೇಲಿನಿಂದ ಕೆಳಕ್ಕೆ ಹರಡಿದ ಮಸುಕು ಮಾತ್ರ, ಅಂದರೆ ಚೂರಾದ ಆರ್‌ಎನ್‌ಎಯ ಗುರುತು. ನೀರನ್ನು ಶಂಕಿಸಿದೆ, ಕೈಗವಸನ್ನು ಶಂಕಿಸಿದೆ, ದಿನಕ್ಕೆ ಮೂರು ಸಲ ಹೋಗಿಬರುವ ಕರೆಂಟನ್ನಂತೂ ಬೈದದ್ದೇ ಬೈದದ್ದು. ಒಂದೊಂದಕ್ಕೆ 40 ಸಾವಿರದಷ್ಟು ತೆತ್ತ ಎರಡು ಕಿಟ್ಟುಗಳು ಹೀಗೆಯೇ ಮುಗಿದವು. ಬ್ಯಾಕ್ಟೀರಿಯಾದಿಂದ ಪ್ಲಾಸ್ಮಿಡ್ಡನ್ನು (ಜೀನನ್ನು ಹೊತ್ತ ಉಂಗುರಾಕಾರದ ಡಿಎನ್‌ಎ) ಬೇರ್ಪಡಿಸುವ ಮಿನಿಪ್ರೆಪ್ಪಿನ ಬಫರಿನಲ್ಲಿರುವ, ಆರ್‌ಎನ್‌ಎಯನ್ನು ಕತ್ತರಿಸುವ ಆರ್‌ಎನೇಸ್ ಎ ಎಂಬ ಎನ್‌ಜೈಮ್ ಪ್ಲಾಸ್ಮಿಡ್ಡಿಗೆ ಅಂಟಿಕೊಂಡು ಬರುತ್ತದೆಂಬುದು ಈ ಕೆಲಸದವರಿಗೆಲ್ಲ ಗೊತ್ತು. ಅದನ್ನು ತೊಲಗಿಸಲು ಪ್ರೋಟೀನೇಸ್ ಕೆ ಹಾಕಿ, ಫಿನಾಲಿನಲ್ಲಿ ತೊಳೆದರೂ ಮಸುಕು ಹೋಗಲಿಲ್ಲ. ಒಂದು ಸಂಜೆ ಪಾತ್ರೆ ತೊಳೆಯುತ್ತಿದ್ದ ನಮ್ಮ ಸಹಾಯಕಿ, "ಮೇಡಂ, ಬೆಳಿಗ್ಗೆ ಹುಡುಗರು ಮಿನಿಪ್ರೆಪ್ ಓಡಿಸಿದ್ದೂ ಈ ತೊಟ್ಟಿಯಲ್ಲೇ ಅಲ್ವಾ?" ಎಂದರು. ನಾನು ಒಂದು ಗಳಿಗೆ ಮಾತಾಡಲಿಲ್ಲ. ಒಂಬತ್ತು ಸಾವಿರ ಕೊಟ್ಟು ಹೊಸ ಜೆಲ್ ತೊಟ್ಟಿ ತರಿಸಿ, ಫ್ರೀಜರಿನಲ್ಲಿದ್ದ ಹಳೆಯ ಟ್ಯೂಬನ್ನೇ ಅದರಲ್ಲಿ ಓಡಿಸಿದಾಗ, ಚಾಕುವಿನಲ್ಲಿ ಗೀರಿದಂಥ ಒಂದೇ ಗೆರೆ ಕಂಡಿತು. ಆರ್‌ಎನ್‌ಎ ಚೆನ್ನಾಗಿಯೇ ಇತ್ತು; ಅದು ಸಾಯುತ್ತಿದ್ದದ್ದು ಪರೀಕ್ಷೆಯ ತೊಟ್ಟಿಯೊಳಗೆ, ಮಿನಿಪ್ರೆಪ್ಪಿನಿಂದ ಅಲ್ಲಿ ಉಳಿದಿದ್ದ ಆರ್‌ಎನೇಸಿನಿಂದ. ಅಷ್ಟರೊಳಗೆ ಎಷ್ಟು ಒಳ್ಳೆಯ ಟ್ಯೂಬುಗಳನ್ನು ಚೆಲ್ಲಿದ್ದೆನೋ ಲೆಕ್ಕವಿಟ್ಟಿಲ್ಲ.

ಎರಡನೆಯ ಪೆಟ್ಟು ಬಿದ್ದದ್ದು ಪಾಲಿ ಎ ಬಾಲದಿಂದ, ಅಂದರೆ ಎಂಆರ್‌ಎನ್‌ಎಯ ತುದಿಯಲ್ಲಿದ್ದು ಅದನ್ನು ಕಾಯುವ ಎ ಅಕ್ಷರಗಳ ಸಾಲಿನಿಂದ. ನೂರಕ್ಕೂ ಹೆಚ್ಚು ಎ ಅಕ್ಷರಗಳನ್ನಿಟ್ಟು ಕಳುಹಿಸಿದ ಪ್ಲಾಸ್ಮಿಡ್ಡನ್ನು ಬ್ಯಾಕ್ಟೀರಿಯಾ ಅರವತ್ತಕ್ಕೆ ಮೊಟಕುಗೊಳಿಸಿ ಹಿಂದಿರುಗಿಸುತ್ತಿತ್ತು. ಫೈಜರ್ ಲಸಿಕೆಯಲ್ಲಿರುವಂತೆ ಬಾಲವನ್ನು 30 ಮತ್ತು 70 ಎಂದು ಒಡೆದು, ನಡುವೆ 10 ಅಕ್ಷರಗಳ ಕೊಂಡಿಯನ್ನಿಟ್ಟು, 37ರ ಬದಲು 30 ಡಿಗ್ರಿಯಲ್ಲಿ ಬೆಳೆಸಿದ ಮೇಲೆ ಅದು ಹದಕ್ಕೆ ಬಂದಿತು.

ಹಣ ಉಳಿದದ್ದು ಡಿಎನ್‌ಎ ನೋಡಿ ಆರ್‌ಎನ್‌ಎ ಬರೆಯುವ ಟಿ7 ಪಾಲಿಮರೇಸ್ ಎನ್‌ಜೈಮನ್ನು ನಾವೇ ತಯಾರಿಸಿಕೊಂಡ ಮೇಲೆ. ಒಂದು ಲೀಟರ್ ಬ್ಯಾಕ್ಟೀರಿಯಾ ಕಲ್ಚರಿನಿಂದ ಬಂದ ಎನ್‌ಜೈಮ್ ಒಂದು ವರ್ಷವಾದರೂ ಮುಗಿದಿಲ್ಲ. 37 ಡಿಗ್ರಿಯಲ್ಲಿ ಎರಡು ಗಂಟೆ ಕಳೆಯುವಷ್ಟರಲ್ಲಿ ಟ್ಯೂಬು ಅಕ್ಕಚ್ಚಿನಂತೆ ಬೆಳ್ಳಗೆ ಕದಡುತ್ತದೆ. ಮೆಗ್ನೀಷಿಯಂ ಪೈರೋಫಾಸ್ಫೇಟ್ ಗಟ್ಟಿಗೊಳ್ಳುವ ಆ ಬಿಳುಪೇ ಕೆಲಸ ನಡೆದಿದೆ ಎಂಬುದರ ಗುರುತು. 20 ಮೈಕ್ರೋಲೀಟರಿನ ಒಂದು ಟ್ಯೂಬಿನಿಂದ ನಮಗೆ 80-90 ಮೈಕ್ರೋಗ್ರಾಂ ಸಿಗುತ್ತದೆ. ಫೈಜರ್‌ನವರ ವಯಸ್ಕರ ಮೊದಲ ಲಸಿಕೆಯ ಒಂದು ಡೋಸಿನಲ್ಲಿದ್ದದ್ದು 30. ಇದು ಬರೀ ತೂಕದ ಹೋಲಿಕೆ, ನಮ್ಮದು ಯಾರಿಗೂ ಚುಚ್ಚುವ ವಸ್ತುವಲ್ಲ. ಆದರೂ ಬೆರಳ ತುದಿಯ ಒಂದು ಹನಿಯಿಂದ ಇಷ್ಟು ಬಂದಿತೆಂದು, ಅಂದು ನಕ್ಕಿದ್ದ ಬೆಂಗಳೂರಿನ ಸಹೋದ್ಯೋಗಿಗೆ ಫೋನ್ ಮಾಡಿ ಹೇಳದೆ ಇರಲಾಗಲಿಲ್ಲ.

ಜಿಪುಣತನಕ್ಕೆ ದಂಡವನ್ನೂ ತೆತ್ತಿದ್ದೇನೆ. ಆರ್‌ಎನ್‌ಎಯ ನಾಲ್ಕು ಅಕ್ಷರಗಳಲ್ಲೊಂದಾದ ಯು ಬದಲಿಗೆ ಹಾಕುವ ಮಾರ್ಪಡಿಸಿದ ಸ್ಯೂಡೋಯುರಿಡಿನ್ ದುಬಾರಿಯೆಂದು ಸಾದಾ ಯು, ಅಂದರೆ ಯುಟಿಪಿ, ಹಾಕಿದೆ. ಪ್ರಯೋಗಾಲಯದಲ್ಲಿ ಬೆಳೆಸುವ ಎಚ್‌ಇಕೆ ಕೋಶಗಳು ತಕರಾರು ಮಾಡಲಿಲ್ಲ. ಹೊರಗಿನ ಆರ್‌ಎನ್‌ಎಯನ್ನು ಗುರುತಿಸುವ ರೋಗನಿರೋಧಕ ಕೋಶಗಳಾದ ಮ್ಯಾಕ್ರೋಫೇಜುಗಳಲ್ಲಿ ಮಾತ್ರ ಪ್ರೋಟೀನು ನೆಲಕಚ್ಚಿತು. ಮಾರ್ಪಡಿಸಿದ ಅಕ್ಷರ ಇಂಥ ಕೋಶಗಳ ಪ್ರತಿರೋಧವನ್ನು ತಗ್ಗಿಸುತ್ತದೆಂದು ವಿಜ್ಞಾನಿಗಳಾದ ಕಾರಿಕೊ ಮತ್ತು ವೈಸ್‌ಮನ್ 2005ರಲ್ಲೇ ತೋರಿಸಿ, 2023ರಲ್ಲಿ ನೊಬೆಲ್ ಪಡೆದ ಸಂಗತಿಯನ್ನು ನಾನು ನನ್ನ ಖರ್ಚಿನಲ್ಲಿ ಮತ್ತೊಮ್ಮೆ ಕಲಿತೆ. ತಯಾರಿಕೆಯಲ್ಲಿ ಬೇಡದೆ ಹುಟ್ಟುವ ಎರಡೆಳೆಯ ಆರ್‌ಎನ್‌ಎ ತೆಗೆಯಲು ಎಚ್‌ಪಿಎಲ್‌ಸಿ ಎಂಬ ಶುದ್ಧೀಕರಣ ಯಂತ್ರ ನಮ್ಮಲ್ಲಿಲ್ಲದ ಕಾರಣ ಎಥನಾಲ್ ಬೆರೆತ ಬಫರಿನಲ್ಲಿ ಸೆಲ್ಯುಲೋಸ್ ಪುಡಿಯನ್ನು ಬಳಸುತ್ತೇನೆ; ಎಷ್ಟು ಸಲ, ಎಷ್ಟು ಹೊತ್ತು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಆರ್‌ಎನ್‌ಎಯನ್ನು ಒಳಗಿಟ್ಟು ಕೋಶಕ್ಕೆ ಒಯ್ಯುವ ಕೊಬ್ಬಿನ ನ್ಯಾನೊ ಕಣಗಳು ಇನ್ನೂ ಪೂರ್ತಿ ಒಲಿದಿಲ್ಲ. ಎರಡು ಸಿರಿಂಜು, ಒಂದು ಟಿ ಕೊಂಡಿ, ಮೂರು ಪಾಲು ಆಮ್ಲೀಯ ಬಫರಿಗೆ ಒಂದು ಪಾಲು ಎಥನಾಲ್. ಒಂದು ದಿನ ಕಣದ ಅಳತೆ 90 ನ್ಯಾನೊಮೀಟರ್ ಬಂದರೆ ಮರುದಿನ 200.

ನಡುವೆ ಒಂದು ಪಕ್ಕದ ಪ್ರಯೋಗವನ್ನೂ ಮಾಡಿದೆ. ಪುಣೆಯ ಜೆನೋವಾ ಸಂಸ್ಥೆಯ ಎಂಆರ್‌ಎನ್‌ಎ ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಉಳಿಯುವ ಒಣಪುಡಿಯಾಗಿ 2022ರಲ್ಲಿ ಅನುಮತಿ ಪಡೆದದ್ದು, ಮೈನಸ್ 70 ಡಿಗ್ರಿಯ ಪೆಟ್ಟಿಗೆಯನ್ನು ಕಾಣದ ನಮ್ಮ ಹಳ್ಳಿಯ ಆಸ್ಪತ್ರೆಗಳ ದೃಷ್ಟಿಯಿಂದ ನನಗೆ ಬಹು ದೊಡ್ಡ ಸಂಗತಿಯಾಗಿ ಕಂಡಿತ್ತು. ಹಾಗಾಗಿ ನಮ್ಮ ಬರಿಯ ಆರ್‌ಎನ್‌ಎಯನ್ನು ಸಕ್ಕರೆ ದ್ರಾವಣದಲ್ಲಿ ಬೆರೆಸಿ, ಎರವಲು ಯಂತ್ರದಲ್ಲಿ ಒಣಗಿಸಿ, ತೀರ್ಥಹಳ್ಳಿಯ ತವರುಮನೆಯಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ, ಕಾಳುಮೆಣಸಿನ ಡಬ್ಬಿಯ ಪಕ್ಕದಲ್ಲಿ ಆಷಾಢದ ಒಂದು ತಿಂಗಳು ಇಟ್ಟೆ. ಬಿಗಿಯಾಗಿ ಮುಚ್ಚಿ ಸಿಲಿಕಾ ಜೆಲ್ ಹಾಕಿದ್ದ ಆರು ಸೀಸೆಗಳಲ್ಲಿ ಐದರ ಗೆರೆ ನೆಟ್ಟಗೇ ಇತ್ತು. ಸಿಲಿಕಾ ಇಲ್ಲದವು ಜೋನಿಬೆಲ್ಲದಂತೆ ಅಂಟಾಗಿ, ಜೆಲ್ಲಿನಲ್ಲಿ ಮತ್ತದೇ ಮಸುಕು. ಅಮ್ಮ ಇನ್ನೊಂದು ಹನ್ನೆರಡು ಸೀಸೆಗಳಿಗೆ ಅಟ್ಟದಲ್ಲಿ ಜಾಗ ಮಾಡಿಕೊಟ್ಟಿದ್ದಾರೆ; ಅವನ್ನು ದೀಪಾವಳಿ ಮುಗಿದ ಮೇಲೆ ಇಳಿಸುತ್ತೇನೆ.